ತೂಗು ಉಮ್ಮತ್ತಿಯ ಕಡ್ಡಿ: ಮೊದಲು ಉಪವಾಸ, ಆಮೇಲೆ ಬಾಡೂಟ

ನಾನು ಮಂಡ್ಯದಲ್ಲಿ ಹೊಲಿಗೆ ಕೆಲಸ ಮಾಡುವವಳು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಕಿಟಕಿಯ ಆಚೆ ನಾಲ್ಕು ಅಡಿ ಜಾಗ. ಅಲ್ಲಿ 20 ಲೀಟರಿನ ಪೇಂಟ್ ಬಕೆಟ್ಟುಗಳಲ್ಲಿ ಮೂರು ಬ್ರುಗ್ಮಾನ್ಸಿಯಾ, ಅಂದರೆ ತೂಗು ಉಮ್ಮತ್ತಿ ಗಿಡಗಳಿವೆ. ಬ್ಲೌಸ್ ಅಳತೆ ಕೊಡಲು ಬಂದವರು ಹೂ ನೋಡುತ್ತಾ ನಿಂತುಬಿಡುತ್ತಾರೆ. "ಅಕ್ಕ, ನಮಗೂ ಒಂದು ಕಡ್ಡಿ ಕೊಡಿ" ಅಂತಾರೆ. ಕೊಡುತ್ತೇನೆ. ಬ್ಲೌಸ್ ತಗೊಂಡು ಹೋಗಲು ಬಂದಾಗ "ಕೊಳೆತು ಹೋಯ್ತು ಅಕ್ಕ" ಅಂತಾರೆ. ಕೇಳಿದರೆ ಎಲ್ಲರದೂ ಒಂದೇ ಕಥೆ. ಕುಂಡದ ತುಂಬ ಕೊಟ್ಟಿಗೆ ಗೊಬ್ಬರ ತುಂಬಿ, ಕಡ್ಡಿ ಚುಚ್ಚಿ, ದಿನಾ ಎರಡು ಹೊತ್ತು ನೀರು ಹಾಕಿರುತ್ತಾರೆ. ಬೇರೇ ಬಿಡದ ಕಡ್ಡಿಗೆ ಊಟ ಬಡಿಸಿದರೆ ಅದು ಯಾವ ಬಾಯಲ್ಲಿ ತಿನ್ನಬೇಕು? ಈ ಗಿಡ ಬೇರು ಬರುವ ತನಕ ಉಪವಾಸ ಇರಬೇಕು. ಬೇರು ಬಂದ ಮೇಲೆ ಬಾಡೂಟವನ್ನೇ ಕೇಳುತ್ತದೆ. ನಮ್ಮವರು ಇದನ್ನು ತಿರುವುಮುರುವು ಮಾಡುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದ್ದೆ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಪಕ್ಕದ ಬೀದಿಯ ಅಜ್ಜಿ ಇದನ್ನು ನೋಡಿ, "ಶಿವನಿಗೆ ಏರಿಸೋ ಉಮ್ಮತ್ತಿ ಅಲ್ವೇನವ್ವಾ ಇದು?" ಅಂದಿದ್ದರು. ಉಮ್ಮತ್ತಿ ಹೂ ಆಕಾಶ ನೋಡುತ್ತದೆ, ಅದರ ಕಾಯಿಗೆ ಮುಳ್ಳು. ಇದರ ಹೂ ನೆಲ ನೋಡುತ್ತಾ ತೂಗುತ್ತದೆ, ಕಾಯಿ ಬಿಟ್ಟರೂ ನುಣ್ಣಗಿರುತ್ತದೆ, ಕಾಂಡ ಮರದ ಹಾಗೆ ಗಟ್ಟಿಯಾಗುತ್ತದೆ. ಅಜ್ಜಿಯ ತಪ್ಪೇನೂ ಇಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯ ವಿಜ್ಞಾನಿ ಲಿನೇಯಸ್ ಕೂಡ ಇದನ್ನು ಉಮ್ಮತ್ತಿಯ ಗುಂಪಿಗೇ ಸೇರಿಸಿದ್ದ. 1805ರಲ್ಲಿ ಪರ್ಸೂನ್ ಅನ್ನುವ ಇನ್ನೊಬ್ಬ ಸಸ್ಯ ವಿಜ್ಞಾನಿ ಬೇರೆ ಮಾಡಿ, ಬ್ರುಗ್ಮಾನ್ಸ್ ಅನ್ನುವ ಡಚ್ ವಿಜ್ಞಾನಿಯ ಹೆಸರಿಟ್ಟ. ನಮ್ಮ ಮನೆಯಲ್ಲಿ ಮಾತ್ರ ತೂಗು ಉಮ್ಮತ್ತಿ. ತವರು ದಕ್ಷಿಣ ಅಮೆರಿಕ. ಈಗ ಅಲ್ಲಿನ ಕಾಡಿನಲ್ಲೂ ತಾನಾಗಿ ಬೆಳೆಯುವ ಬ್ರುಗ್ಮಾನ್ಸಿಯಾ ಉಳಿದಿಲ್ಲ ಅಂತ ಲೆಕ್ಕ. ಜನ ನೆಟ್ಟಿದ್ದು, ಕೈಯಿಂದ ಕೈಗೆ ಕಡ್ಡಿ ಕೊಟ್ಟಿದ್ದು, ಅಷ್ಟೇ ಉಳಿದಿರುವುದು.

ಕತ್ತರಿ ಹಿಡಿಯುವ ಮೊದಲು ಒಂದು ಮಾತು. ಈ ಗಿಡ ಪೂರ್ತಿ ವಿಷ. ಎಲೆ, ಹೂ, ಬೀಜ, ಬೇರು, ರಸ ಎಲ್ಲವೂ. ಅಟ್ರೋಪಿನ್, ಸ್ಕೊಪೊಲಮಿನ್ ಅನ್ನುವ ವಿಷಗಳು ಇದರಲ್ಲಿವೆ. ಒಂದು ಭಾನುವಾರ ಬರಿಗೈಯಲ್ಲಿ ಟೊಂಗೆ ಕತ್ತರಿಸುತ್ತಿದ್ದೆ. ಬೆವರು ಇಳಿಯಿತು ಅಂತ ಅದೇ ಕೈಯಲ್ಲಿ ಬಲಗಣ್ಣು ಉಜ್ಜಿಕೊಂಡೆ. ಉರಿ ಇಲ್ಲ, ನೋವಿಲ್ಲ. ಸಂಜೆ ಸೂಜಿಗೆ ದಾರ ಪೋಣಿಸಲು ಕೂತರೆ ಸೂಜಿಯ ಕಣ್ಣೇ ಕಾಣುತ್ತಿಲ್ಲ. ಕನ್ನಡಿ ನೋಡಿದರೆ ಬಲಗಣ್ಣಿನ ಪಾಪೆ ಹುಣಸೆ ಬೀಜದಷ್ಟು ದೊಡ್ಡದಾಗಿದೆ, ಎಡಗಣ್ಣು ಮಾಮೂಲಿ. ಪಾರ್ಶ್ವವಾಯು ಬಡಿಯಿತು ಅಂತ ಮನೆಯವರೆಲ್ಲ ಹೆದರಿದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಯಾವುದಾದರೂ ಗಿಡ ಮುಟ್ಟಿದ್ರಾ?" ಅಂತ ಕೇಳಿದ ಮೇಲೆ ನನಗೆ ಹೊಳೆಯಿತು. ಸರಿಹೋಗಲು ಎರಡು ದಿನ ಬೇಕಾಯಿತು. ಆ ಎರಡು ದಿನ ಒಂದು ಹುಕ್ಕೂ ಹಾಕಲಿಲ್ಲ. ಹಾಗಾಗಿ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕಣ್ಣಿಗೆ ರಸ ತಗುಲಿದರೆ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಗಿಡದ ಹೆಸರು ಹೇಳಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕತ್ತರಿಸಿದ ಎಲೆಯನ್ನು ಬೀದಿಗೆ ಬಿಸಾಡಬೇಡಿ, ಹಸು, ಮೇಕೆ ಬಾಯಿ ಹಾಕುತ್ತವೆ. ಇನ್ನೊಂದು ವಿಷಯ: ಬಟ್ಟೆ ಕತ್ತರಿಸುವ ಕತ್ತರಿಯನ್ನು ಇದಕ್ಕೆ ಮುಟ್ಟಿಸಬೇಡಿ. ಅದು ವಿಷಕ್ಕಾಗಿ ಅಲ್ಲ. ಕತ್ತರಿ ಹಾಳಾಗುತ್ತದೆ ಅಂತ.

ನನ್ನ ಮೊದಲ ಕಡ್ಡಿಗಳು ಬಂದದ್ದು ಮಡಿಕೇರಿಯಿಂದ. ನಾದಿನಿ ಒದ್ದೆ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ಅತ್ತಿಗೆ, ಬೇಲಿ ಪಕ್ಕ ಬಿಸಾಕಿದ್ರೂ ಬರುತ್ತೆ ಬಿಡಿ" ಅಂದಳು. ಅವಳ ಊರಲ್ಲಿ ಬರುತ್ತೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಗಾಳಿಯಲ್ಲೇ ನೀರಿರುತ್ತದೆ. ಮಂಡ್ಯ 700 ಮೀಟರ್ ಕೂಡ ಇಲ್ಲ, ಏಪ್ರಿಲ್ ಬಿಸಿಲು ಬೇರೆ. ನಾನು ಬೇಸಿಗೆಯಲ್ಲಿ ನೆಟ್ಟ ಐದು ಕಡ್ಡಿಯಲ್ಲಿ ಐದೂ ಹೋದವು. ನಮ್ಮ ಕಡೆ ಜೂನ್ ಮಳೆ ಹಿಡಿದ ಮೇಲೆ ಆಗಸ್ಟ್ ತನಕ, ಇಲ್ಲ ದಸರಾ ಆಸುಪಾಸು, ಇವೇ ಒಳ್ಳೆ ಕಾಲ. ಬೇರು ಬರಲು ಇದಕ್ಕೆ 20ರಿಂದ 25 ಡಿಗ್ರಿ ಹಿತ.

ಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತುದಿಯ ಎಳೆ ಹಸಿರು ಚಿಗುರು ಬೇಡ, ಅದು ಬೇಗ ಕೊಳೆಯುತ್ತದೆ. ಹಸಿರು ಬಣ್ಣ ಕಂದಿಗೆ ತಿರುಗುತ್ತಿರುವ, ಪೆನ್ಸಿಲಿಗಿಂತ ಸ್ವಲ್ಪ ದಪ್ಪನೆಯ ಟೊಂಗೆ ಬೇಕು. ಉದ್ದ ಒಂದು ಗೇಣು ಸಾಕು, ಮೂರು ನಾಲ್ಕು ಗೆಣ್ಣು ಇರಬೇಕು.

ಈಗ ಕವಲಿನ ಗುಟ್ಟು. ಈ ಗಿಡ ಮೊದಲು ಒಂಟಿ ಕೋಲಿನಂತೆ ಮೇಲೇಳುತ್ತದೆ. ಒಂದು ಎತ್ತರಕ್ಕೆ ಬಂದ ಮೇಲೆ ಕವಣೆ ಕಡ್ಡಿಯ ಹಾಗೆ ಎರಡಾಗಿ ಒಡೆಯುತ್ತದೆ. ಆ ಮೊದಲ ಕವಲಿನಿಂದ ಮೇಲೆ ಮಾತ್ರ ಹೂ. ಕವಲಿನ ಮೇಲಿನಿಂದ ಕಡ್ಡಿ ತೆಗೆದರೆ ಅದಕ್ಕೆ ತಾನು ದೊಡ್ಡವಳಾಗಿದ್ದೇನೆ ಅನ್ನುವುದು ನೆನಪಿರುತ್ತದೆ, ಗಿಡ ಗಿಡ್ಡಗಿರುವಾಗಲೇ ಮೊಗ್ಗು ಬಿಡುತ್ತದೆ. ಕೆಳಗಿನಿಂದ ತೆಗೆದರೆ ಮತ್ತೆ ಕೋಲಿನಂತೆ ಬೆಳೆದು, ಕವಲೊಡೆದು, ಆಮೇಲೆ ಹೂ. ಕೈಯಲ್ಲಿರುವ ಕಡ್ಡಿ ಯಾವ ಭಾಗದ್ದು ಅಂತ ಎಲೆಯೇ ಹೇಳುತ್ತದೆ. ಎಲೆ ತೊಟ್ಟಿಗೆ ಸೇರುವ ಜಾಗ ನೋಡಿ. ಎರಡು ಕಡೆಯೂ ಸಮಕ್ಕೆ ಬಂದು ಸೇರಿದ್ದರೆ ಕೆಳಗಿನದು. ಹೊಸದಾಗಿ ಕಲಿತವರು ಹೊಲಿದ ಕಾಲರಿನ ಹಾಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಕವಲಿನ ಮೇಲಿನದು. ಕುಂಡದಲ್ಲಿ ಬೆಳೆಸುವವರು ಈ ಸೊಟ್ಟ ಕಾಲರಿನ ಕಡ್ಡಿಯನ್ನೇ ಕೇಳಿ ತಗೊಳ್ಳಿ. ಅಂಗಳದಲ್ಲಿ ಮರ ಮಾಡುವ ಆಸೆ ಇದ್ದರೆ ಕೆಳಗಿನದೇ ಒಳ್ಳೆಯದು, ಅದು ಬಲವಾಗಿಯೂ ಬರುತ್ತದೆ.

ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಎಲೆಯೆಲ್ಲ ತೆಗೆದ ಮೇಲೆ ತಲೆ ಯಾವುದು ಕಾಲು ಯಾವುದು ಗೊತ್ತಾಗುವುದಿಲ್ಲ, ಅದಕ್ಕೇ ಈ ಗುರುತು. ನಗಬೇಡಿ, ನಾನು ಒಂದನ್ನು ತಲೆಕೆಳಗಾಗಿ ನೆಟ್ಟು ಒಂದು ತಿಂಗಳು ಕಾದಿದ್ದೇನೆ. ಎಲೆಗಳಲ್ಲಿ ಮೇಲಿನ ಒಂದೋ ಎರಡೋ ಇರಲಿ, ಅವನ್ನೂ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿಗೆ ದೊಡ್ಡ ಎಲೆ ಭಾರ, ಇರುವ ನೀರನ್ನೆಲ್ಲ ಗಾಳಿಗೆ ಬಿಡುತ್ತದೆ.

ನಾನು ನೀರಿನಲ್ಲಿ ಬೇರು ಬರಿಸುತ್ತೇನೆ. ಹಾರ್ಲಿಕ್ಸ್ ಬಾಟಲಿಗೆ ಕಪ್ಪು ಲೈನಿಂಗ್ ಬಟ್ಟೆ ಸುತ್ತುತ್ತೇನೆ. ಬೆಳಕು ಬಿದ್ದರೆ ನೀರು ಪಾಚಿ ಕಟ್ಟುತ್ತದೆ. ಎರಡು ಇಂಚು ನೀರು ಸಾಕು, ಒಂದು ಗೆಣ್ಣು ಮುಳುಗಿರಬೇಕು. ಕುತ್ತಿಗೆ ತನಕ ನೀರು ತುಂಬಿದರೆ ಕಡ್ಡಿಗೆ ಉಸಿರು ಕಟ್ಟುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ತುದಿ ಲೋಳೆಯಾಗಿದ್ದರೆ ಅಷ್ಟು ಕತ್ತರಿಸಿ ಮತ್ತೆ ಇಡಿ. ಬಾಟಲಿ ಬಿಸಿಲಿನಲ್ಲಿ ಬೇಡ, ಬೆಳಕಿರುವ ನೆರಳಲ್ಲಿರಲಿ. ಒಂದು ವಾರ ಹತ್ತು ದಿನಕ್ಕೆ ತೊಗಟೆಯ ಮೇಲೆ ರವೆಯ ಹಾಗೆ ಬಿಳಿ ಬೊಕ್ಕೆ ಏಳುತ್ತವೆ. ಇದು ರೋಗ ಅಂದುಕೊಂಡು ಕಿತ್ತು ಬಿಸಾಡಿದವರಿದ್ದಾರೆ! ಬೇರು ಹೊರಡುವುದು ಅಲ್ಲಿಂದಲೇ. ಎರಡು ಮೂರು ವಾರಕ್ಕೆ ಬೇರು ಕಾಣುತ್ತದೆ. ಒಂದು ಇಂಚು ಆಗುತ್ತಿದ್ದಂತೆ ಮಣ್ಣಿಗೆ ಇಳಿಸಿ. ಚೆನ್ನಾಗಿ ಬರಲಿ ಅಂತ ಉದ್ದ ಬಿಟ್ಟರೆ ನೀರಿನ ಬೇರು ಗಾಜಿನ ಹಾಗೆ ಮುರಿಯುತ್ತದೆ.

ಹೆಬ್ಬೆರಳು ದಪ್ಪದ ಬಲಿತ ಕಡ್ಡಿಯಾದರೆ ನೀರು ಬೇಡ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ ಬೆರೆಸಿ ಅದರಲ್ಲೇ ಚುಚ್ಚಿ, ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಕವರ್ ಮುಚ್ಚಿ. ಬೇರು ಬರಿಸುವ ಪುಡಿ ಸಿಗುತ್ತದೆ. ಇದಕ್ಕೆ ಅದರ ಅವಶ್ಯಕತೆ ಇಲ್ಲ.

ಮೊದಲ ಕುಂಡ ಆರು ಇಂಚಿನದು ಸಾಕು. ಕೆಮ್ಮಣ್ಣು, ಮರಳು, ನಾರಿನ ಪುಡಿ ಸಮಸಮ. ಗೊಬ್ಬರ ಒಂದು ಚಮಚವೂ ಬೇಡ. ಮೊದಲ ನಾಲ್ಕೈದು ದಿನ ಗಿಡ ಸೋತು ತಲೆ ಬಗ್ಗಿಸುತ್ತದೆ. ಆಗಲೇ ಕೈ ತಡೆಯುವುದಿಲ್ಲ, ಏನಾದರೂ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ನೆರಳಲ್ಲಿಟ್ಟು ಮಣ್ಣು ಒಣಗದಂತೆ ನೋಡಿಕೊಳ್ಳಿ, ಅಷ್ಟೇ. ನಮ್ಮ ಊರಲ್ಲಿ ಬೆಲ್ಲಕ್ಕೇನು ಬರ? ಯಾರೋ ಹೇಳಿದರು ಅಂತ ನಾನು ಬೆಲ್ಲದ ನೀರನ್ನೂ ಹಾಕಿದ್ದೆ. ಬಂದದ್ದು ಇರುವೆ ಮಾತ್ರ.

ಹೊಸ ಎಲೆ ನಾಲ್ಕು ಬಿಚ್ಚಿದ ಮೇಲೆ ಉಪವಾಸ ಮುಗಿಯಿತು. ಮೊದಲು ತೆಳ್ಳಗೆ ಗಂಜಿ ಕೊಟ್ಟ ಹಾಗೆ: ಗೊಬ್ಬರದ ಅಂಗಡಿಯಲ್ಲಿ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಒಂದು ತಿಂಗಳಾದ ಮೇಲೆ ಒಂದು ಗ್ರಾಂ. ಕುಂಡದ ತಳದ ತೂತಿನಲ್ಲಿ ಬೇರು ಇಣುಕಿದರೆ ಹತ್ತು ಇಂಚಿನದಕ್ಕೆ, ಅದೂ ತುಂಬಿದರೆ ಪೇಂಟ್ ಬಕೆಟ್ಟಿಗೆ. ತಳಕ್ಕೆ ಏಳೆಂಟು ತೂತು ಮರೆಯಬೇಡಿ. ಬಕೆಟ್ಟಿಗೆ ಬಂದ ಗಿಡಕ್ಕೆ ಎರಡು ಗ್ರಾಂ. ಈ ಹಂತದ ಮಣ್ಣಿಗೆ ಮೂರನೇ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ಜೊತೆಗೆ ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕುವುದು. ವಾಸನೆ ತಡೆಯಲಾಗದು. ಗಿರಾಕಿಗಳು ಬರುವ ದಿನ ಮಾಡಬೇಡಿ. ಮೊಗ್ಗು ಕಾಣುವ ಹೊತ್ತಿಗೆ 13:0:45 ಅನ್ನುವ, ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕೊಡುತ್ತೇನೆ, ಪೊಟ್ಯಾಷ್ ಹೂವಿಗೆ ಬೇಕು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ನಾನು ನಂಬುವುದಿಲ್ಲ.

ಯಾವ ಗೊಬ್ಬರವನ್ನೂ ಒಣ ಮಣ್ಣಿಗೆ ಹಾಕಬೇಡಿ. ಮೊದಲು ಬರೀ ನೀರು, ಅರ್ಧ ಗಂಟೆ ಬಿಟ್ಟು ಗೊಬ್ಬರದ ನೀರು. ಎಲೆಯ ಅಂಚು ಕಂದಾಗಿ ಸುಟ್ಟಂತಾದರೆ ಉಪ್ಪು ಜಾಸ್ತಿ ಆಗಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಬರೀ ನೀರನ್ನು ತಳದಿಂದ ಹರಿದುಹೋಗುವಷ್ಟು ಹಾಕಿ ತೊಳೆಯಿರಿ.

ಎಲೆ ಹಳದಿಯಾದಾಗ ಕೂಡಲೇ ಗೊಬ್ಬರದ ಡಬ್ಬಿಗೆ ಕೈ ಹಾಕಬಾರದು, ಯಾವ ಎಲೆ ಅಂತ ನೋಡಬೇಕು. ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಕೆಳಗಿನ ಎಲೆಯೇ, ಆದರೆ ನರ ಹಸಿರಾಗಿ ನಡುವೆ ಹಳದಿ ಆದರೆ ಮೆಗ್ನೀಷಿಯಂ ಸಾಲದು, ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಹಾಕಿ. ಮೇಲಿನ ಹೊಸ ಎಲೆ ಹಾಗಾದರೆ ಕಬ್ಬಿಣದ ಸಮಸ್ಯೆ. ನಮ್ಮಲ್ಲಿ ಇದು ಬರುವುದು ಬೋರ್‌ವೆಲ್ ನೀರಿನಿಂದ. ಪಾತ್ರೆಯಲ್ಲಿ ಬಿಳಿ ಕಟ್ಟುವ ಗಡಸು ನೀರು ಮಣ್ಣಿನಲ್ಲಿರುವ ಕಬ್ಬಿಣವನ್ನು ಗಿಡಕ್ಕೆ ಸಿಗದಂತೆ ಮಾಡುತ್ತದೆ. ನಾನು ಒಂದು ವರ್ಷ ಸುಮ್ನೆ ಗೊಬ್ಬರ ಸುರಿದೆ, ಎಲೆ ಇನ್ನೂ ಹಳದಿಯಾಯಿತು. ಕಾವೇರಿ ನೀರಿಗೆ, ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹಿಡಿದ ನೀರಿಗೆ ಬದಲಾಯಿಸಿ, ಚೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಎರಡು ಸಲ ಕೊಟ್ಟ ಮೇಲೆ ಹೊಸ ಎಲೆ ಹಸಿರಾಗಿ ಬಂತು.

ನೀರು ಇದಕ್ಕೆ ಎಷ್ಟಿದ್ದರೂ ಸಾಲದು. ಬೇಸಿಗೆಯಲ್ಲಿ ಬಕೆಟ್ ಗಿಡಕ್ಕೆ ಬೆಳಗ್ಗೆ ಸಂಜೆ ಎರಡು ಹೊತ್ತು ಬೇಕು. ಆದರೆ ಮಧ್ಯಾಹ್ನ ಎಲೆ ಜೋತುಬಿದ್ದ ಮಾತ್ರಕ್ಕೆ ನೀರು ಹಾಕಬೇಡಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಒದ್ದೆ ಇದ್ದರೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಪೂರ್ವದ ಕಡೆ ಇಡಿ. ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ನುಸಿ ಬಂದು, ಸಣ್ಣ ಬಲೆ ಕಟ್ಟಿ, ಎಲೆಯೆಲ್ಲ ಚುಕ್ಕೆ ಚುಕ್ಕೆಯಾಗುತ್ತದೆ. ಪೈಪಿನಲ್ಲಿ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯಿರಿ. ಸಂಜೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿಂಪಡಿಸಿ. ಬಿಳಿ ನೊಣಕ್ಕೂ ಅದೇ ಮದ್ದು.

ಹೂ ಒಂದು ಸುತ್ತು ಮುಗಿದ ಮೇಲೆ ಟೊಂಗೆ ಸವರಿ. ಆಗಲೂ ಮೊದಲ ಕವಲಿನ ಕೆಳಕ್ಕೆ ಕತ್ತರಿ ಇಳಿಯಬಾರದು. ಇಳಿದರೆ ಗಿಡ ಮತ್ತೆ ಕೋಲಿನಿಂದ ಶುರು ಮಾಡಬೇಕು, ನೀವು ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಸವರಿದ ಟೊಂಗೆಗಳು ನನ್ನ ಹತ್ತಿರ ಈಗ ಆರಿವೆ, ಎಲ್ಲವೂ ಸೊಟ್ಟ ಕಾಲರಿನವು. ಕಟ್ಟಿಂಗ್ ಟೇಬಲ್ಲಿನ ಕೆಳಗೆ ಮೂರು ಬಾಟಲಿಯಲ್ಲಿಟ್ಟಿದ್ದೇನೆ. ಎರಡರಲ್ಲಿ ಬಿಳಿ ಬೊಕ್ಕೆ ಎದ್ದಿವೆ.