ಚಳಿಗೆ ಮುನ್ನ ಮನೆ ಸೇರುವ ಸ್ಟಿಂಕ್ ಬಗ್: ತಡೆಯುವ ಮತ್ತು ಹಿಡಿಯುವ ಬಗೆ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ನವರಾತ್ರಿಗೆ ಬೊಂಬೆ ಕೂರಿಸಲು ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಬಿಚ್ಚಿದಾಗ, ಪಟ್ಟದ ಗೊಂಬೆಗೆ ಸುತ್ತಿಟ್ಟ ಹಳೆಯ ಪಂಚೆಯ ಮಡಿಕೆಯಿಂದ ಗುರಾಣಿಯಾಕಾರದ ಕಂದು ಹುಳುವೊಂದು ನಿಧಾನವಾಗಿ ಹೊರಬರುವುದುಂಟು. ಒಂದೂವರೆ ಸೆಂಟಿಮೀಟರಿನಷ್ಟು ಉದ್ದವಿದ್ದು, ಮೀಸೆಗಳ ಮೇಲೆ ಬಿಳಿ ಪಟ್ಟೆಗಳಿದ್ದರೆ ಅದು ಸ್ಟಿಂಕ್ ಬಗ್ ಎಂದೇ ತಿಳಿಯಬಹುದು. ಪೂರ್ವ ಏಷ್ಯಾ ಮೂಲದ ಈ ಕೀಟ ಅಮೆರಿಕದಲ್ಲಿ ಮೊದಲು ಕಾಣಿಸಿಕೊಂಡದ್ದು 1990ರ ದಶಕದ ಕೊನೆಯಲ್ಲಿ, ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ. ಇದು ಮನುಷ್ಯರನ್ನು ಕಚ್ಚುವುದಿಲ್ಲ, ಮನೆಯೊಳಗೆ ಮೊಟ್ಟೆಯಿಡುವುದಿಲ್ಲ, ಅಡುಗೆಮನೆಯ ದಿನಸಿಗೂ ಬಾಯಿ ಹಾಕುವುದಿಲ್ಲ; ಚಳಿಗಾಲ ಕಳೆಯುವ ತನಕ ಮಲಗಲೊಂದು ಸಂದು ಸಿಕ್ಕರೆ ಇದಕ್ಕೆ ಸಾಕು. ಹೊಸಕಿದರೆ ಹೊಮ್ಮುವ ವಾಸನೆಯೊಂದೇ ತೊಂದರೆ. ಆ ವಾಸನೆಯ ಒಂದು ಮುಖ್ಯ ಅಂಶ ಕೊತ್ತಂಬರಿ ಸೊಪ್ಪಿನಲ್ಲೂ ಇದೆ, ಆದರೆ ಅದನ್ನು ನೆನೆದುಕೊಂಡರೂ ವಾಸನೆಯೇನೂ ಹಿತವಾಗುವುದಿಲ್ಲ.

ಇವು ಒಳಬರುವುದು ಹೆಚ್ಚಾಗಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ವರೆಗೆ. ಆದ್ದರಿಂದ ಸಂದುಗಳನ್ನು ಮುಚ್ಚುವ ಕೆಲಸ ಗಣೇಶನ ಹಬ್ಬದ ಆಸುಪಾಸಿನಲ್ಲೇ ಮುಗಿದಿರಬೇಕು. ಹಗಲಿನಲ್ಲಿ ಅಟ್ಟಕ್ಕೆ ಹತ್ತಿ, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ, ಹೊರಗಿನ ಬೆಳಕು ಎಲ್ಲೆಲ್ಲಿ ಗೆರೆಯಾಗಿ ಇಣುಕುತ್ತದೆಯೋ ಅಲ್ಲೆಲ್ಲ ಹುಳುವಿಗೂ ದಾರಿಯಿದೆ ಎಂಬುದು ತಾನಾಗಿಯೇ ಕಾಣುತ್ತದೆ. ಕಿಟಕಿ ಚೌಕಟ್ಟಿನ ಸುತ್ತ, ಪೈಪು ಮತ್ತು ಕೇಬಲ್‌ಗಳು ಗೋಡೆ ಹೊಕ್ಕ ಕಡೆ ಸಿಲಿಕೋನ್ ಸೀಲಂಟ್ ತುಂಬಬೇಕು. ಅಟ್ಟದ ಗಾಳಿಕಂಡಿಯನ್ನು ಮಾತ್ರ ಮುಚ್ಚದೆ ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಬಡಿಯಬೇಕು. ಮಧ್ಯಾಹ್ನದ ಬಿಸಿಲು ಬೀಳುವ ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳ ಮೇಲೆ ಇವು ಹೆಚ್ಚಾಗಿ ಗುಂಪುಗೂಡುವುದರಿಂದ ಕೆಲಸವನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. ಕಿಟಕಿಗೆ ಕೂರಿಸಿದ ಏಸಿಯ ಸುತ್ತಲಿನ ಸಂದಿಯೂ ಹುಳುವಿಗೆ ದಾರಿಯೇ; ಅದನ್ನು ತೆಗೆದಿಡಲು ಚಳಿಗಾಲ ಬರಲಿ ಎಂದು ಕಾಯುವುದು ಹಲವರು ಮಾಡುವ ತಪ್ಪು.

ಒಳಸೇರಿದ ಹುಳುವನ್ನು ಹಿಡಿಯುವುದು ಸುಲಭ. ಬೆದರಿದಾಗ ಹಾರುವ ಬದಲು ಕಾಲು ಬಿಟ್ಟು ಕೆಳಕ್ಕೆ ಬೀಳುವುದು ಇದರ ರೂಢಿ. ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಬೆರೆಸಿದ ನೀರಿನ ಡಬ್ಬಿಯನ್ನು ಪರದೆಯ ಮೇಲೆ ಕುಳಿತ ಹುಳುವಿನ ಕೆಳಗೆ ಹಿಡಿದು, ಮೇಲಿನಿಂದ ಒಂದು ಕಡ್ಡಿ ತಾಗಿಸಿದರೆ ಅದು ನೇರವಾಗಿ ನೀರಿಗೆ ಬಿದ್ದು ಮುಳುಗುತ್ತದೆ. ರಾತ್ರಿ ಕತ್ತಲೆ ಕೋಣೆಯಲ್ಲಿ ಅಗಲವಾದ ಅಲ್ಯೂಮಿನಿಯಂ ತಟ್ಟೆಗೆ ಇದೇ ನೀರು ತುಂಬಿ, ಅದರ ಮೇಲೆ ಬೆಳಕು ಬೀಳುವಂತೆ ದೀಪವಿಟ್ಟರೂ ಬಂದು ಬೀಳುತ್ತವೆ. ವರ್ಜೀನಿಯಾ ಟೆಕ್‌ನ ಸಂಶೋಧಕರು ಹೋಲಿಸಿ ನೋಡಿದಾಗ ಅಂಗಡಿಯ ದುಬಾರಿ ಬಲೆಗಳಿಗಿಂತ ಈ ತಟ್ಟೆಯೇ ಹೆಚ್ಚು ಹುಳು ಹಿಡಿದಿತ್ತು. ವ್ಯಾಕ್ಯೂಮ್ ಬಳಸುವುದಾದರೆ ಕೊಳವೆಯ ಬಾಯೊಳಗೆ ಹಳೆಯ ನೈಲಾನ್ ಕಾಲುಚೀಲವನ್ನು ಇಳಿಬಿಟ್ಟು, ಅದರ ಅಂಚನ್ನು ಹೊರಕ್ಕೆ ಮಡಚಿ ರಬ್ಬರ್ ಬ್ಯಾಂಡ್ ಹಾಕಬೇಕು. ಇಲ್ಲವಾದರೆ ಯಂತ್ರಕ್ಕೆ ಹಿಡಿದ ನಾತ ಬಹುಕಾಲ ಬಿಡುವುದಿಲ್ಲ.

ಗೋಡೆಯ ಸಂದಿಗೆ ವಿಷ ಸಿಂಪಡಿಸುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಸತ್ತ ಹುಳುಗಳ ರಾಶಿ ಒಳಗೇ ಉಳಿದರೆ ಅದನ್ನು ತಿನ್ನಲು ಕಾರ್ಪೆಟ್ ಬೀಟಲ್ ಬರುತ್ತದೆ, ಮತ್ತು ಅದರ ಮರಿಹುಳುಗಳಿಗೆ ಉಣ್ಣೆಯೂ ರೇಷ್ಮೆಯೂ ಆಹಾರವೇ. ಊರಿನಿಂದ ತಂದು ಜೋಪಾನ ಮಾಡಿದ ಮೈಸೂರು ರೇಷ್ಮೆ ಸೀರೆಯ ಸೆರಗಿನಲ್ಲಿ ತೂತು ಕಂಡಾಗ ಸ್ಟಿಂಕ್ ಬಗ್ ಹುಳುವೇ ವಾಸಿಯಾಗಿತ್ತೆನಿಸುತ್ತದೆ.

ಇದೇ ಕಾಲಕ್ಕೆ ಬರುವ ಏಷ್ಯಾದ ಗುಲಗಂಜಿ ಹುಳುವಿಗೂ ಮೇಲಿನ ಉಪಾಯಗಳೇ ಸಾಕು, ಆದರೆ ಅದನ್ನು ಗೋಡೆಗೆ ಒತ್ತಿದರೆ ಹಳದಿ ಕಲೆ ಉಳಿಯುತ್ತದೆ.

ಮಾರ್ಚ್ ಏಪ್ರಿಲ್‌ನ ಬೆಚ್ಚನೆಯ ದಿನಗಳಲ್ಲಿ ಅಡಗಿದ್ದವು ಹೊರಹೋಗಲು ಕಿಟಕಿಯ ಗಾಜಿಗೆ ಬಂದು ಸೇರುತ್ತವೆ. ಆಗ ಕನಿಕರದಿಂದ ಕಿಟಕಿ ತೆರೆದರೆ, ಬೇಸಿಗೆಯಲ್ಲಿ ಹಿತ್ತಲಿನ ಟೊಮೆಟೊ, ಬೀನ್ಸ್, ಮೆಣಸಿನಕಾಯಿಗಳಿಗೆ ಸೊಂಡಿಲು ಚುಚ್ಚಿ ರಸ ಹೀರುವುದು ಅವೇ ಹುಳುಗಳು, ಅವುಗಳ ಮರಿಗಳು. ಆದ್ದರಿಂದ ಸೋಪು ನೀರಿನ ಡಬ್ಬಿಯನ್ನು ಅಲ್ಲಿಯವರೆಗೂ ಕಿಟಕಿಯ ಬಳಿಯೇ ಇಟ್ಟಿರಬೇಕು.