ಎರಡು ಪಟ್ಟಿ ಅಂಟಿಸಿದ ಒಂದು ಲಕೋಟೆ

ಮೊದಮೊದಲು ಹಳೆಯ ಲಕೋಟೆ ಸಿಕ್ಕರೆ ಅಂಚೆಚೀಟಿಯನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಎಸೆಯುತ್ತಿದ್ದೆ. ಹಾಗೆ ಎಷ್ಟು ಪುರಾವೆ ಹಾಳುಮಾಡಿದೆನೋ ಎಂಬ ಸಂಕಟ ಇಂದಿಗೂ ಇದೆ. ಆ ಅಭ್ಯಾಸ ಬಿಡಿಸಿದ್ದು 1941ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನ ಒಂದು ಕಂಪನಿ ನ್ಯೂಯಾರ್ಕ್‌ಗೆ ಕಳಿಸಿದ್ದ ಏರ್‌ಮೇಲ್ ಲಕೋಟೆ. ಒಳಗೆ ಪತ್ರವಿಲ್ಲ. ಟೈಪ್ ಮಾಡಿದ ವಿಳಾಸ, ಮಾಸಿದ ಕಾಗದ, ಅಷ್ಟೇ.

ಆದರೆ ಅದರ ಎರಡೂ ಅಂಚುಗಳನ್ನು ಕತ್ತರಿಸಿ ಮತ್ತೆ ಅಂಟಿಸಿದ್ದರು. ಒಂದು ಬದಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಜರ್ಮನ್ ಭಾಷೆಯಲ್ಲಿ ‘ತೆರೆಯಲಾಗಿದೆ’ ಎಂದಿತ್ತು. ಅಲ್ಲಿ ಸೆನ್ಸಾರ್‌ನ, ಅಂದರೆ ಯುದ್ಧಕಾಲದಲ್ಲಿ ಪತ್ರಗಳನ್ನು ತೆರೆದು ಪರೀಕ್ಷಿಸುವ ಇಲಾಖೆಯ, ಗುರುತಿನಲ್ಲಿ ಸಣ್ಣ ‘ಬಿ’ ಅಕ್ಷರ. ಬಿ ಅಂದರೆ ಬರ್ಲಿನ್ ಕಚೇರಿ. ಡಿ ಇದ್ದರೆ ಮ್ಯೂನಿಕ್, ಇ ಇದ್ದರೆ ಫ್ರಾಂಕ್‌ಫರ್ಟ್. ಇನ್ನೊಂದು ಬದಿಗೆ ಬ್ರಿಟಿಷ್ ಸೆನ್ಸಾರ್‌ನವರು ಅಂಟಿಸುವ ‘ಪಿ.ಸಿ. 90’ ಎಂಬ ಪಟ್ಟಿ, ಅದರ ಮೇಲೆ ಪರೀಕ್ಷಕರ ಸಂಖ್ಯೆ. ಪರಸ್ಪರ ಕಾದಾಡುತ್ತಿದ್ದ ಎರಡು ದೇಶಗಳು ಒಂದೇ ವ್ಯಾಪಾರದ ಪತ್ರವನ್ನು ತೆರೆದು ಮುಂದೆ ಸಾಗಹಾಕಿದ್ದವು!

ಇದಕ್ಕೆ ಕಾರಣ ಹುಡುಕಿದಾಗ ದಾರಿ ತೆರೆದುಕೊಂಡಿತು. 1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆ, ಡೆನ್ಮಾರ್ಕ್‌ಗಳ ಮೇಲೆ ದಾಳಿ ಮಾಡಿದ ಮೇಲೆ ಸ್ವೀಡನ್ನಿನ ಪಶ್ಚಿಮದ ಸಮುದ್ರದಾರಿಗೆ ತಡೆ ಬಿತ್ತು. ಅಂಚೆ ಬರ್ಲಿನ್ ಮೂಲಕ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಬೇಕಾಯಿತು. ಅಲ್ಲಿಂದ ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ವಿಮಾನ. ನಡುವೆ ಅಟ್ಲಾಂಟಿಕ್‌ನಲ್ಲಿ ಬ್ರಿಟಿಷರ ಕೈಯಲ್ಲಿದ್ದ ಬರ್ಮುಡಾ ದ್ವೀಪದಲ್ಲಿ ಬ್ರಿಟಿಷ್ ಸೆನ್ಸಾರ್. ಲಕೋಟೆಯ ಮೇಲೆ ಲಿಸ್ಬನ್, ಬರ್ಮುಡಾ ಎಂಬ ಹೆಸರೇ ಇಲ್ಲ. ಅದೇ ಕಾಲದ ಬೇರೆ ಲಕೋಟೆಗಳ ಪರೀಕ್ಷಕ ಸಂಖ್ಯೆಗಳ ಜೊತೆ ಹೋಲಿಸಿಯೇ ಬರ್ಮುಡಾ ಎಂಬ ತೀರ್ಮಾನಕ್ಕೆ ಬಂದೆ.

ಯಾವುದರ ಮೇಲೆ ಯಾವುದು ಬಿದ್ದಿದೆ ಎಂಬುದನ್ನೇ ನಾನು ಮೊದಲು ನೋಡುವುದು. ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದಾಗ ಸ್ಟಾಕ್‌ಹೋಮ್ ಮೊಹರಿನ ಶಾಯಿ ಪಟ್ಟಿಯ ಅಡಿಗೆ ನುಸುಳಿತ್ತು. ಸೆನ್ಸಾರ್ ಮೊಹರು ಅರ್ಧ ಪಟ್ಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ, ಗೆರೆ ಎಲ್ಲೂ ತಪ್ಪಿಲ್ಲ. ಗೆರೆ ಹೊಂದದಿದ್ದರೆ ಪಟ್ಟಿಯನ್ನು ಯಾರೋ ಎಬ್ಬಿಸಿ ಮತ್ತೆ ಅಂಟಿಸಿದ್ದಾರೆಂದು ಅನುಮಾನಿಸುತ್ತೇನೆ. ಅಡಿಯಲ್ಲೇನಿದೆ ಎಂದು ತಿಳಿಯಲು ನೀರು, ಹಬೆ ತಾಗಿಸುವುದಿಲ್ಲ. ಹಿಂದಿನಿಂದ ಬೆಳಕು ಬಿಟ್ಟರೆ ಸಾಕು.

ಸಂಗ್ರಾಹಕರೇ ತಮಗಾಗಿ ಅಂಚೆಗೆ ಹಾಕಿಸಿಕೊಂಡ ಅಂದದ ಲಕೋಟೆಗಳಿಗಿಂತ ಇಂಥದ್ದನ್ನೇ ನಾನು ಹೆಚ್ಚು ನಂಬುತ್ತೇನೆ. ಇದನ್ನು ಟೈಪ್ ಮಾಡಿದವರಿಗೆ ಸರಕಿನ ಚಿಂತೆಯಿತ್ತೇ ಹೊರತು ಚರಿತ್ರೆಯದಲ್ಲ.

ಹಿಂಬದಿಯಲ್ಲಿ ನ್ಯೂಯಾರ್ಕ್ ಕಚೇರಿಯವರು ಒತ್ತಿದ ನೇರಳೆ ಸ್ವೀಕೃತಿ ಮುದ್ರೆಯಿದೆ. ಎರಡು ದಿನಾಂಕಗಳ ನಡುವೆ 26 ದಿನ. ಯುದ್ಧಕ್ಕೆ ಮುಂಚೆ ಇದೇ ಕಂಪನಿಯ ಪತ್ರ ಎಷ್ಟು ದಿನಕ್ಕೆ ತಲುಪುತ್ತಿತ್ತು ಎಂದು ತಿಳಿಯಲು 1939ರ ಇನ್ನೊಂದು ಲಕೋಟೆಗಾಗಿ ಹುಡುಕುತ್ತಿದ್ದೇನೆ.