ಮನೆಯಲ್ಲೇ ಪೆಡಿಕ್ಯೂರ್: ತಿಕ್ಕುವುದು ಕಡಿಮೆ, ಎಣ್ಣೆ ಜಾಸ್ತಿ

ದೀಪಾವಳಿ ಮುಗಿದು ಒಣ ಗಾಳಿ ಶುರುವಾದರೆ ಸಾಕು, ನಮ್ಮ ಧಾರವಾಡ, ಗದಗ ಕಡೆ ಮನೆಮನೆಯಲ್ಲೂ ಹಿಮ್ಮಡಿ ಒಡೆಯುತ್ತವೆ. ರಾತ್ರಿ ಕಾಲು ಚಾಚಿದರೆ ಚಾದರದ ಎಳೆ ಸೀಳಿಗೆ ಸಿಕ್ಕಿ ಚರಕ್ ಎನ್ನುತ್ತದೆ. ಮರುದಿನ ಬಚ್ಚಲಿಗೆ ಹೋದವರೇ ಕಲ್ಲು ತಗೊಂಡು ಗಸಗಸ ತಿಕ್ಕುತ್ತಾರೆ. ಅಷ್ಟು ಜೋರಾಗಿ ತಿಕ್ಕಿದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ದಪ್ಪಗೆ ಬೆಳೆಯುತ್ತದೆ. ಹಾಗಾಗಿ ಮೊದಲು ಕಲ್ಲು ಪಕ್ಕಕ್ಕಿಡಿ.

ಅಂಗಾಲಿನ ಚರ್ಮದಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಮುಖಕ್ಕೆ, ತಲೆಗೆ ಜಿಡ್ಡು ತಾನಾಗಿಯೇ ಬರುತ್ತದೆ, ಅಂಗಾಲಿಗೆ ನಾವೇ ಕೊಡಬೇಕು. ನಿಂತಾಗ ಮೈಭಾರ ಬಿದ್ದು ಹಿಮ್ಮಡಿ ಅಗಲವಾಗುತ್ತದೆ. ಮೆತ್ತಗಿರುವ ಚರ್ಮ ಹಿಗ್ಗುತ್ತದೆ, ಒಣಗಿದ್ದು ಸೀಳುತ್ತದೆ. ತಾಸುಗಟ್ಟಲೆ ಬರಿಗಾಲಲ್ಲಿ ನಿಂತು ರೊಟ್ಟಿ ಬಡಿಯುವವರಿಗೆ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಮೆಟ್ಟುವವರಿಗೆ ಇದು ಜಾಸ್ತಿ. ಎರೆ ಹೊಲಕ್ಕೆ ಹೋಗಿಬರುವವರ ಕಾಲಲ್ಲಿ ಸೀಳಿನೊಳಗೆ ಕಪ್ಪು ಮಣ್ಣು ಕೂತು ಗೆರೆ ಗೆರೆಯಾಗಿ ಕಾಣುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುವ ಅಕ್ಕತಂಗೇರು ಸೀಳು ಬಿಟ್ಟ ಹಿಮ್ಮಡಿಯನ್ನು ಹಾಗೇ ಇಟ್ಟುಕೊಳ್ಳಬೇಡಿ. ಖಾರದ ಪುಡಿ ಒಳಗಿಳಿದರೆ ರಾತ್ರಿಯೆಲ್ಲ ಉರಿ. ಹಳೇ ಕಾಲುಚೀಲ ಹಾಕಿಕೊಂಡು ಕೂತರೆ ಎಷ್ಟೋ ಆರಾಮ.

ವಾರಕ್ಕೊಮ್ಮೆ ಪಾದ ನೆನೆಸಿದರೆ ಸಾಕು. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಮಾಡಿ. ಆಮೇಲೆ ಮತ್ತೆ ನೀರಲ್ಲಿ ನಿಲ್ಲುವ ಕೆಲಸ ಇರಬಾರದು. ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳು ನಮ್ಮ ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ, ನೀರು ದಂಡ ಮಾಡಬೇಕಿಲ್ಲ. ಪಾದ ಮುಳುಗುವಷ್ಟು, ನಾಲ್ಕೈದು ತಂಬಿಗೆ ಸಾಕು. ಆಮೇಲೆ ಅದೇ ನೀರಿನಿಂದ ಬಚ್ಚಲು ತೊಳೆಯಬಹುದು. ನೀರು ಉಗುರುಬೆಚ್ಚಗಿರಲಿ, ಸುಡುವ ನೀರು ಇರುವ ಜಿಡ್ಡನ್ನೂ ಎಳೆದುಬಿಡುತ್ತದೆ. ಸ್ವಲ್ಪ ಶಾಂಪೂ ಬಿಟ್ಟು 10ರಿಂದ 15 ನಿಮಿಷ ಕೂತರೆ ಆಯಿತು. ಲಿಂಬೆಹಣ್ಣು, ಅಡುಗೆ ಸೋಡಾ ಹಾಕಲು ಹೇಳುವವರು ಬಹಳ ಜನ. ಒಡೆದ ಕಾಲಿಗೆ ಎರಡೂ ಬೇಡ. ಲಿಂಬೆ ಉರಿಸುತ್ತದೆ, ಸೋಡಾ ಒಣಗಿಸುತ್ತದೆ.

ಈಗ ಕಲ್ಲು ತಗೊಳ್ಳಿ. ಕೈ ಹಗುರ ಇರಲಿ, ಒಂದೇ ದಿಕ್ಕಿಗೆ ಎಳೆಯಿರಿ. ಚೆನ್ನಾಗಿ ನೆಂದ ಚರ್ಮ ಬೂದು ಬಣ್ಣದ ಸಣ್ಣ ಸಣ್ಣ ಸುರುಳಿಯಾಗಿ ತಾನೇ ಬಿಟ್ಟು ಬರುತ್ತದೆ. ಸುರುಳಿ ಬರುವುದು ನಿಂತಿತೆಂದರೆ ನೀವೂ ನಿಲ್ಲಿಸಿ. ಒಂದೇ ಸಲಕ್ಕೆ ಎಲ್ಲ ತೆಗೆಯುವ ಹಟ ಬೇಡ, ಬ್ಲೇಡ್ ಅಂತೂ ಮುಟ್ಟಲೇಬೇಡಿ. ರಕ್ತ ಜಿನುಗುವ ಸೀಳಿದ್ದರೆ ಕಲ್ಲೂ ಬೇಡ. ವ್ಯಾಸಲೀನ್ ಹಚ್ಚಿ, ಸ್ವಚ್ಛ ಬಟ್ಟೆ ಸುತ್ತಿ, ಮಾಯಲು ಬಿಡಿ.

ಕಾಲುಂಗುರ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಉಂಗುರದ ಕೆಳಗೆ ಸೋಪು, ನೀರು ನಿಂತು ಚರ್ಮ ಬೆಳ್ಳಗೆ ಮೆತ್ತಗಾಗಿರುತ್ತದೆ, ಯಾರೂ ಅದನ್ನು ನೋಡುವುದೇ ಇಲ್ಲ. ತೆಗೆಯಲು ಮನಸ್ಸಿಲ್ಲದಿದ್ದರೆ ಬೇಡ, ಮೇಲೆ ಕೆಳಗೆ ಸರಿಸಿ ತೊಳೆದು ಒರೆಸಿ. ಬೆರಳ ಸಂದುಗಳನ್ನು ಒಂದೊಂದಾಗಿ ಒಣ ಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಕೆಸರು ಹುಣ್ಣು ಏಳುವುದೇ ಅಲ್ಲಿ. ಎಣ್ಣೆಯಾಗಲಿ ಕ್ರೀಮಾಗಲಿ ಸಂದಿಗೆ ಹಚ್ಚಬಾರದು.

ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆಯಲ್ಲಿ ಕೊರೆದು ದುಂಡಗೆ ಮಾಡಿದರೆ ಅದು ಮಾಂಸದೊಳಗೆ ಬೆಳೆದು ಕೀವು ಆಗುತ್ತದೆ. ಕಾಲಿನ ಉಗುರು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳ ಉಗುರು ಹೋದರೆ ಪೂರ್ತಿ ಬರಲು 12ರಿಂದ 18 ತಿಂಗಳು ಬೇಕು. ಉಗುರಿನ ಬುಡದ ತೆಳು ಚರ್ಮ ಕತ್ತರಿಸಬೇಡಿ, ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ.

ಇನ್ನು ನಿಜವಾದ ಕೆಲಸ. ಪಾದ ಒರೆಸಿದ ಮೇಲೆ ಹಿಮ್ಮಡಿಯಲ್ಲಿ ಇನ್ನೂ ತೇವ ಇರುವಾಗಲೇ ಎಣ್ಣೆ ಹಚ್ಚಬೇಕು. ಚರ್ಮ ಕುಡಿದ ನೀರನ್ನು ಒಳಗೇ ಹಿಡಿದಿಡುವುದು ಆ ಜಿಡ್ಡು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭವೂ ಇಲ್ಲ. ನನ್ನ ಮಟ್ಟಿಗೆ ಔಡಲ ಎಣ್ಣೆಯೇ (ಹರಳೆಣ್ಣೆ) ಮೇಲು. ದಪ್ಪಗಿರುತ್ತದೆ, ಬೇಗ ಹರಿದುಹೋಗುವುದಿಲ್ಲ. ಅಂಟು ಜಾಸ್ತಿ ಅನಿಸಿದರೆ ಅರ್ಧ ಕೊಬ್ಬರಿ ಎಣ್ಣೆ ಬೆರೆಸಿ. ಜೇನುಮೇಣ ಸಿಕ್ಕರೆ ಒಂದು ಚಮಚ ಮೇಣಕ್ಕೆ ನಾಲ್ಕು ಚಮಚ ಎಣ್ಣೆ ಹಾಕಿ, ಬಿಸಿ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಆರಿದರೆ ಮುಲಾಮಿನಂತೆ ಗಟ್ಟಿಯಾಗುತ್ತದೆ, ಡಬ್ಬಿಯಲ್ಲಿ ತುಂಬಿಡಬಹುದು. ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬರಿಗಾಲಲ್ಲಿ ಎದ್ದು ಓಡಾಡಬೇಡಿ, ಎಣ್ಣೆಗಾಲು ಫರಸಿಯ ಮೇಲೆ ಜಾರುತ್ತದೆ. ನೆನೆಸುವುದು ವಾರಕ್ಕೊಮ್ಮೆ, ಎಣ್ಣೆ ಮಾತ್ರ ದಿನಾ ರಾತ್ರಿ. ಹಿಮ್ಮಡಿ ತೀರಾ ದಪ್ಪಗಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಯೂರಿಯಾ ಇರುವ ಕ್ರೀಮ್ ಕೇಳಿ. ಹೊಲದ ಗೊಬ್ಬರದ ಹೆಸರೆಂದು ಹೆದರಬೇಡಿ, ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಲು ಡಾಕ್ಟರುಗಳೇ ಬರೆದುಕೊಡುತ್ತಾರೆ. ತೆರೆದ ಸೀಳಿಗೆ ಮಾತ್ರ ಉರಿಯುತ್ತದೆ.

ಶುಗರ್ ಇರುವವರಿಗೆ ಇದೆಲ್ಲ ಬೇರೆ. ನೀರಲ್ಲಿ ನೆನೆಸುವುದು ಬೇಡ, ಕಲ್ಲು ಬೇಡ, ಆಣಿಗೆ ಅಂಟಿಸುವ ಔಷಧಿ ಪಟ್ಟಿಯೂ ಬೇಡ. ಅನೇಕರಿಗೆ ಕಾಲಿನ ಸ್ಪರ್ಶ ಕಡಿಮೆಯಾಗಿರುತ್ತದೆ. ನೀರು ಸುಟ್ಟರೂ ಗೊತ್ತಾಗುವುದಿಲ್ಲ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಕಾಲು ತೊಳೆಯುವ ನೀರನ್ನೂ ಮೊಣಕೈ ಅದ್ದಿ ನೋಡಿಯೇ ಹಾಕಿಕೊಳ್ಳಿ. ದಿನಾ ಸಂಜೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಇಲ್ಲಾ ಮೊಮ್ಮಕ್ಕಳನ್ನು ಕರೆದು ತೋರಿಸಿ. ಸಣ್ಣ ಗುಳ್ಳೆ, ಕೆಂಪು, ಬಾವು ಏನು ಕಂಡರೂ ಮನೆಮದ್ದು ಹಚ್ಚುತ್ತಾ ಕೂರದೆ ಅವತ್ತೇ ಡಾಕ್ಟರಿಗೆ ತೋರಿಸಿ.